ಮೊಣಕೈ ಕೆಳಗಿನ ಎರಡು ಬೆರಳು

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಶಾಲೆಯ ಬಾತ್‌ರೂಮಿನ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ತೊಡೆಯ ಮೇಲೆ ರಟ್ಟು, ಅದರ ಮೇಲೆ ಹಾಳೆ, ಹಾಳೆಯಲ್ಲಿ ಹನ್ನೊಂದು ಸಾಲು. ಒಳಗೆ ಆಪಾ ಮತ್ತು ಪುಟ್ಟಿ ಇದ್ದರು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಮುಂದಕ್ಕೆ ದೂಡಿತ್ತು ಅಷ್ಟೇ.

"ಐದನೇದು?" ಎಂದು ಕೇಳಿದೆ.

"ಮಾಡಿದ್ಳು, ಬರ್ಕೊಳ್ಳಿ," ಎಂದರು ಆಪಾ ಒಳಗಿನಿಂದ.

"ಆರು?"

"ಅದೂ ಆಯ್ತು. ಏನ್ ಟೀಚರ್, ಪೆನ್ ಒಣಗೋಯ್ತಾ? ನಿಮಗಿಂತ ಹುಡುಗೀನೇ ಫಾಸ್ಟ್ ಇದಾಳೆ."

ನಮ್ಮದು ವಿನೋಬನಗರದಲ್ಲಿರುವ ಸಣ್ಣ ವಿಶೇಷ ಶಾಲೆ. ಬಾಡಿಗೆ ಮನೆಯೊಂದರ ಕೆಳಗಿನ ಅಂತಸ್ತು. ಆಟಿಸಂ ಇರುವ ಮಕ್ಕಳು, ತೀವ್ರ ಅಂಗವೈಕಲ್ಯದ ಮಕ್ಕಳು ಬರುತ್ತಾರೆ. ಅಕ್ಷರಕ್ಕಿಂತ ಮೊದಲು ನಾವು ಕಲಿಸುವುದು ಉಣ್ಣುವುದು, ಹಲ್ಲುಜ್ಜುವುದು, ಗುಂಡಿ ಹಾಕಿಕೊಳ್ಳುವುದು, ಬಾತ್‌ರೂಮಿಗೆ ಹೋಗಿ ಬರುವುದು. ನಾನು ಅಲ್ಲಿ ಟೀಚರ್. ಪಿಯುಸಿ ಆದ ಮೇಲೆ ಮಾಡಿದ ಒಂದು ವರ್ಷದ ತರಬೇತಿ, ಅಷ್ಟೇ ನನ್ನ ಓದು. ಆಪಾ ನಮ್ಮ ಆಯಾ. ರಾಗಿಗುಡ್ಡದ ಕಡೆಯಿಂದ ಬರುತ್ತಿದ್ದರು. ಅವರ ಮನೆಯಲ್ಲಿ ತಂಗಿಯರು ಕರೆಯುವಂತೆಯೇ ಹೆಡ್ ಮೇಡಂ, ವ್ಯಾನಿನ ಡ್ರೈವರ್, ಮಕ್ಕಳ ತಂದೆತಾಯಿ ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಕನ್ನಡ ಚೆನ್ನಾಗಿ ಮಾತನಾಡುತ್ತಿದ್ದರು, ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಹದಿಮೂರು ವರ್ಷ ಒಳಗಿನ ಕೆಲಸ ಅವರದು, ಹಾಳೆಯ ಕೆಲಸ ನನ್ನದು. ಬೆಳೆದ ಹೆಣ್ಣುಮಕ್ಕಳಿದ್ದರೆ ಬಾತ್‌ರೂಮಿನ ಒಳಗೆ ಅವರ ಜೊತೆ ಒಬ್ಬರೇ ಇರಬೇಕು ಎಂಬ ನಿಯಮ ಮಾಡಿದ್ದೂ ನಾನೇ. ಮಗುವಿನ ಮರ್ಯಾದೆಯ ಪ್ರಶ್ನೆ ಅದು.

ಪುಟ್ಟಿಗೆ ಆಗ ಹದಿನೈದು. ಅವಳ ನಿಜವಾದ ಹೆಸರು ಬರೆಯುವುದಿಲ್ಲ. ಭದ್ರಾವತಿಯ ಹುಡುಗಿ. ಮಾತು ಬರುವುದಿಲ್ಲ, ಆಟಿಸಂ ತೀವ್ರವಾಗಿದೆ. ತಂದೆ ಲಾರಿ ಡ್ರೈವರ್, ತಿಂಗಳಲ್ಲಿ ಮೂರು ವಾರ ಮನೆಯಲ್ಲಿರುವುದಿಲ್ಲ. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಗ್ಗೆ ಏಳಕ್ಕೆಲ್ಲ ಫ್ಯಾಕ್ಟರಿ ಬಸ್ಸು ಬರುತ್ತದೆ. ಮನೆಯಲ್ಲಿ ಅಜ್ಜಿ, ಅವರಿಗೆ ಮಂಡಿ ಬಗ್ಗುವುದಿಲ್ಲ. ಹುಡುಗಿ ದೊಡ್ಡವಳಾದಾಗಿನಿಂದ ತಿಂಗಳಲ್ಲಿ ನಾಲ್ಕು ದಿನ ತಾಯಿ ರಜೆ ಹಾಕುತ್ತಿದ್ದರು. ಇನ್ನು ರಜೆ ಕೊಡುವುದಿಲ್ಲ ಎಂದು ಸೂಪರ್‌ವೈಸರ್ ಹೇಳಿಯಾಗಿತ್ತು. ಪುಟ್ಟಿಯ ಸೋದರತ್ತೆ ಒಬ್ಬ ಡಾಕ್ಟರ ಹತ್ತಿರ ಮಾತನಾಡಿ ಬಂದಿದ್ದರು. ಗರ್ಭಕೋಶ ತೆಗೆಸಿಬಿಟ್ಟರೆ ತಿಂಗಳ ತಾಪತ್ರಯವೇ ಇರುವುದಿಲ್ಲ ಎಂಬುದು ಅವರ ಲೆಕ್ಕ. ದಸರಾ ರಜೆಯಲ್ಲಿ ಮಾಡಿಸುವುದೆಂದು ಮಾತಾಗಿತ್ತು.

ತಾಯಿಗೆ ಮನಸ್ಸಿರಲಿಲ್ಲ. "ಅವಳೇ ಪ್ಯಾಡ್ ಬದಲಾಯಿಸ್ಕೊಳ್ಳೋ ಹಾಗಾದ್ರೆ ನಾನು ಯಾಕೆ ಕತ್ತರಿ ಹಾಕಿಸ್ಲಿ ಹೇಳಿ?" ಎಂದು ನನ್ನನ್ನು ಕೇಳಿದ್ದರು. ನಾವು ಕಲಿಸುತ್ತಿದ್ದದ್ದು ಅದನ್ನೇ.

ಕೆಲಸವನ್ನು ಹನ್ನೊಂದು ಹೆಜ್ಜೆಯಾಗಿ ಒಡೆದಿದ್ದೆ. ಶೆಲ್ಫಿನಿಂದ ಚೀಲ ತೆಗೆದುಕೊಳ್ಳುವುದು ಮೊದಲನೆಯದು. ಹಳೆಯದನ್ನು ಪೇಪರಿನಲ್ಲಿ ಸುತ್ತುವುದು ಐದು, ಮುಚ್ಚಳದ ಬಕೆಟ್ಟಿಗೆ ಹಾಕುವುದು ಆರು, ಹೊಸದನ್ನು ಗೆರೆಯೊಳಗೆ ಅಂಟಿಸುವುದು ಒಂಬತ್ತು, ಸೋಪು ಹಚ್ಚಿ ಕೈ ತೊಳೆದು ಹೊರಗೆ ಬರುವುದು ಹನ್ನೊಂದು. ಎಲ್ಲಿ ಅಂಟಿಸಬೇಕು ಎಂದು ತಿಳಿಯಲು ಆಪಾ ಅವಳ ಒಳಬಟ್ಟೆಗಳಿಗೆ ನೀಲಿ ದಾರದಲ್ಲಿ ಗೆರೆ ಹೊಲಿದಿದ್ದರು. ತಿಂಗಳ ದಿನವಿಲ್ಲದಾಗ ಅಭ್ಯಾಸಕ್ಕೆ ಪ್ಯಾಡಿಗೆ ಕೆಂಪು ಬಣ್ಣದ ನೀರು ಎರಡು ಹನಿ ಹಾಕುತ್ತಿದ್ದೆವು. ಹೆಜ್ಜೆಯನ್ನು ಯಾರ ಸಹಾಯವೂ ಇಲ್ಲದೆ ಮಾಡಿದರೆ ಹಾಳೆಯಲ್ಲಿ 'ಸ್ವ' ಎಂದು ಬರೆಯುವುದು, ಸ್ವತಂತ್ರ ಎಂದರ್ಥ. ಸಹಾಯ ಬೇಕಾದರೆ 'ಸಹಾ'. ಐದು ದಿನ ಒಂದೇ ಸಮ ಹನ್ನೊಂದಕ್ಕೂ 'ಸ್ವ' ಬಿದ್ದರೆ ಕಲಿತಂತೆ. ಆ ಶುಕ್ರವಾರ ಐದನೆಯ ದಿನ.

ಹನ್ನೊಂದನೆಯ 'ಸ್ವ' ಬರೆದು ತಾಯಿಗೆ ಫೋನ್ ಮಾಡಿದೆ. ಅವರ ಫ್ಯಾಕ್ಟರಿಯಲ್ಲಿ ಊಟದ ಹೊತ್ತು, ಹಿಂದೆ ಮಿಷನ್ ಸದ್ದಿರಲಿಲ್ಲ. "ಕಲಿತಳು," ಎಂದೆ. "ಹಂಗಾರೆ ನಮ್ಮ ನಾದಿನಿಗೆ ಬೇಡ ಅಂತ ಹೇಳ್ಬಿಡ್ತೀನಿ ಟೀಚರ್," ಎಂದರು ಅವರು.

ಆಪಾ ಸಂಜೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, "ಸೋಮವಾರ ಅವಳಮ್ಮನ ಹತ್ರ ಮೈಸೂರು ಪಾಕ್ ವಸೂಲಿ ಮಾಡ್ಬೇಕು. ನಿಮಗೆ ಶುಗರ್, ನಿಮ್ಮ ಪಾಲೂ ನಂದೇ," ಎಂದರು.

ಶನಿವಾರ ಬೆಳಗ್ಗೆ ಅವರ ಸೊಸೆ ಫೋನ್ ಮಾಡಿದಳು. ನಮಾಜು ಮುಗಿಸಿ ಎದ್ದವರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಹೆಡ್ ಮೇಡಂ ಮತ್ತು ನಾನು ಹೋದೆವು. ಎಲ್ಲಿ ಕೂರಬೇಕು ಎಂದು ತಿಳಿಯದೆ ನಿಂತಿದ್ದಾಗ ಹೆಂಗಸೊಬ್ಬರು ಕೈ ಹಿಡಿದು ಒಳಕೋಣೆಯ ಹೊರಗೆ ಚಾಪೆಯ ಮೇಲೆ ಕೂರಿಸಿದರು. ಒಳಗೆ ಪರದೆ ಕಟ್ಟಿ ಅವರ ಮನೆಯ ಹೆಂಗಸರು ಆಪಾಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಮೆಲ್ಲಗೆ ಏನೋ ಹೇಳುತ್ತಿದ್ದರು. ನಾನು ಹೊರಗೆ ಕೂತು ನೀರಿನ ಸದ್ದು ಕೇಳಿದೆ.

ಪುಟ್ಟಿಗೆ ತಿಂಗಳ ದಿನ ಬಂದದ್ದು ಮುಂದಿನ ವಾರದ ಕೊನೆಗೆ, ಶಾಲೆಯಲ್ಲಿದ್ದಾಗಲೇ. ಆಪಾ ಇಲ್ಲವಲ್ಲ, ನಾನು ಒಳಗೆ ಹೋದೆ. ನನಗೆ ಹೆದರಿಕೆ ಇರಲಿಲ್ಲ. ಹಾಳೆ ಸರಿಯಾಗಿತ್ತು, ಹುಡುಗಿ ಕಲಿತಿದ್ದಳು. ಅವಳು ಚೀಲ ತೆಗೆದುಕೊಂಡಳು, ಒಳಗೆ ಬಂದಳು. ಅಲ್ಲಿಗೆ ನಿಂತಳು. ಹತ್ತು ಎಣಿಸುವಷ್ಟು ಕಾಯಬೇಕು ಎಂಬುದು ನಮ್ಮ ಕ್ರಮ, ಕಾದೆ. ಇಪ್ಪತ್ತು ಎಣಿಸಿದೆ. ಅವಳು ಗೋಡೆ ನೋಡುತ್ತ ಬಲಗೈಯನ್ನು ಸ್ವಲ್ಪ ಪಕ್ಕಕ್ಕೆ ಎತ್ತಿ ಹಿಡಿದು ನಿಂತೇ ಇದ್ದಳು. "ಪುಟ್ಟಿ, ಕೂತ್ಕೋ," ಎಂದೆ. ಕೂರಲಿಲ್ಲ. ಮಾಡಿ ತೋರಿಸಿದೆ, ನೋಡಲಿಲ್ಲ. ಆಮೇಲೆ ಮಣಿಕಟ್ಟು ಕಚ್ಚಿಕೊಂಡು ಕಿರುಚಲು ಶುರು ಮಾಡಿದಳು. ಕೊನೆಗೆ ಎಲ್ಲವನ್ನೂ ನಾನೇ ಮಾಡಿ ಹೊರಗೆ ಕರೆತಂದೆ.

ಮನೆಯಲ್ಲೂ ಹಾಗೇ ಆಯಿತು. ತಾಯಿ ಸಂಜೆ ಫ್ಯಾಕ್ಟರಿಯಿಂದ ಬಂದು ಫೋನ್ ಮಾಡಿದರು. "ಟೀಚರ್, ಕಲಿತಳು ಅಂದ್ರಲ್ಲ?"

ಮಕ್ಕಳು ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗದಲ್ಲಿ ಮಾಡಲು ಸಮಯ ಬೇಕು ಎಂದು ಹೇಳಿದೆ. ಅದು ಸುಳ್ಳಲ್ಲ. ಹೆಡ್ ಮೇಡಂ, "ಆಪಾ ಹೋದ ದುಃಖ ಅವಳಿಗೂ ಇರುತ್ತೆ. ಎರಡು ವಾರ ಬಿಡಿ, ಒತ್ತಾಯ ಮಾಡ್ಬೇಡಿ," ಎಂದರು. ಅದು ನನಗೂ ಒಪ್ಪಿಗೆಯಾಯಿತು. ಯಾಕೆಂದರೆ ನನಗೂ ಬೆಳಗ್ಗೆ ಎದ್ದು ಬಸ್ಸು ಹತ್ತಲು ಕೈಕಾಲು ಬರುತ್ತಿರಲಿಲ್ಲ. ಹುಡುಗಿಯೂ ನನ್ನ ಹಾಗೇ ಎಂದುಕೊಂಡೆ. ಎರಡು ವಾರ ಅಭ್ಯಾಸ ನಿಲ್ಲಿಸಿದೆವು.

ಅದು ತಪ್ಪು ದಾರಿ ಎಂದು ತಿಳಿದದ್ದು ಪುಟ್ಟಿಯಿಂದಲ್ಲ, ಊಟದ ಹೊತ್ತಿನಲ್ಲಿ.

ನಮ್ಮಲ್ಲಿ ಒಂಬತ್ತು ವರ್ಷದ ಇನ್ನೊಂದು ಮಗುವಿದೆ, ಸೆರೆಬ್ರಲ್ ಪಾಲ್ಸಿ. ಅವನ ಫೈಲಿನಲ್ಲಿ 'ಚಮಚದಲ್ಲಿ ಸ್ವತಂತ್ರವಾಗಿ ಉಣ್ಣುತ್ತಾನೆ' ಎಂದು ನಾನೇ ಬರೆದಿದ್ದೆ. ಆಪಾ ಹೋದಾಗಿನಿಂದ ಅವನೂ ಉಣ್ಣುತ್ತಿರಲಿಲ್ಲ. ಅವನಿಗೂ ದುಃಖ ಎಂದಿದ್ದೆವು. ಆ ದಿನ ಅವನ ಎದುರು ಕೂತು ನೋಡಿದೆ. ಚಮಚದಲ್ಲಿ ಅನ್ನ ಸಾರು ತುಂಬಿದೆ, ಚಮಚ ಕೈಯಲ್ಲಿದೆ, ಮೊಣಕೈ ಸ್ವಲ್ಪ ಪಕ್ಕಕ್ಕೆ ಎತ್ತಿದೆ. ಪುಟ್ಟಿ ನಿಲ್ಲುವ ಹಾಗೆಯೇ.

ಎದ್ದು ಅವನ ಹಿಂದೆ ಹೋಗಿ ಕೂತೆ. ಆಪಾ ಕೂರುತ್ತಿದ್ದ ಜಾಗ ಅದು. ಎರಡು ಬೆರಳನ್ನು ಅವನ ಮೊಣಕೈ ಕೆಳಗೆ ತಾಗಿಸಿದೆ. ಎತ್ತಲಿಲ್ಲ, ತಳ್ಳಲಿಲ್ಲ. ಚಮಚ ಬಾಯಿಗೆ ಹೋಯಿತು. ಬೆರಳು ತೆಗೆದೆ, ಕೈ ನಿಂತಿತು. ತಾಗಿಸಿದೆ, ಮತ್ತೆ ಹೋಯಿತು. ತಟ್ಟೆ ಖಾಲಿಯಾಗುವವರೆಗೆ ಹಾಗೇ ಉಂಡ.

ಆಪಾಳ ಕೈ ಯಾವುದಾದರೊಂದು ಮಗುವಿನ ಮೇಲೆ ಇಲ್ಲದ್ದನ್ನು ಹದಿಮೂರು ವರ್ಷದಲ್ಲಿ ನಾನು ನೋಡಿರಲಿಲ್ಲ. ಅಷ್ಟು ಸಹಜವಾಗಿ ಇರುತ್ತಿದ್ದುದರಿಂದ ಅದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಒಮ್ಮೆ ಬಾಗಿಲ ಹೊರಗಿನಿಂದ, "ಆಪಾ, ಸಹಾಯ ಏನೂ ಮಾಡ್ತಿಲ್ಲ ತಾನೆ?" ಎಂದು ಕೇಳಿದ್ದು ನೆನಪಾಯಿತು. "ಇಲ್ಲಪ್ಪ, ಎಲ್ಲಾ ಅವಳೇ ಮಾಡ್ತಾಳೆ. ನಾನು ಜೊತೆಗಿದೀನಿ ಅಷ್ಟೇ," ಎಂದಿದ್ದರು. ಅವರು ಸುಳ್ಳು ಹೇಳಲಿಲ್ಲ. ಎರಡು ಬೆರಳು ತಾಗಿಸುವುದನ್ನು ಅವರು ಸಹಾಯ ಎಂದುಕೊಂಡಿರಲೇ ಇಲ್ಲ. ಎಲ್ಲಿಂದ ಎಲ್ಲಿಯವರೆಗೆ ಸಹಾಯ ಎಂದು ಹೇಳಿಕೊಡಬೇಕಾದವಳು ನಾನು. ನಾನು ಹೊರಗೆ ಕೂತು ಬರೆಯುತ್ತಿದ್ದೆ.

ಅದೇ ಮಧ್ಯಾಹ್ನ ಪುಟ್ಟಿಯನ್ನು ಒಳಗೆ ಕರೆದುಕೊಂಡು ಹೋದೆ. ಬೆರಳು ತಾಗಿಸಿದೆ. ಒಂದು ಕಡೆಯೂ ಎಡವದೆ ಹನ್ನೊಂದು ಹೆಜ್ಜೆಯನ್ನೂ ಮಾಡಿದಳು. ನಾನು ಮನಸ್ಸಿನಲ್ಲೇ ಎಣಿಸಿದೆ: ಒಂಬತ್ತು ಹೆಜ್ಜೆಗೆ ಬೆರಳು ಬೇಕಾಯಿತು. ನಿಜವಾಗಿ ಅವಳದೇ ಆಗಿದ್ದದ್ದು ಎರಡು ಮಾತ್ರ, ಚೀಲ ತೆಗೆದುಕೊಳ್ಳುವುದು ಮತ್ತು ಒಳಗೆ ಬರುವುದು.

ಒಂದು ಸುಲಭದ ದಾರಿ ಕಣ್ಣ ಮುಂದಿತ್ತು. ಬೆರಳು ತಾಗಿಸುವುದನ್ನು ತಾಯಿಗೆ ಹೇಳಿಕೊಟ್ಟರೆ ಆಯಿತು. ಹಾಳೆಯ ವಿಷಯ ಯಾರಿಗೂ ಗೊತ್ತಾಗುವುದಿಲ್ಲ. ಆಪಾಳ ಹೆಸರಿಗೂ ಏನೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಇನ್ನೊಂದು ಆಸೆಯೂ ಇತ್ತು. ಆ ಎರಡು ಬೆರಳಿನ ಗುರುತು ಹುಡುಗಿಯ ಮೈಯಲ್ಲಿ ಉಳಿದಿತ್ತು. ಆಪಾ ಮಾಡಿದ ಕೆಲಸದಲ್ಲಿ ಶಾಲೆಯಲ್ಲಿ ಉಳಿದಿದ್ದದ್ದು ಅದೊಂದೇ ಎಂದು ನನಗೆ ಅನ್ನಿಸುತ್ತಿತ್ತು. ಅದನ್ನು ತೆಗೆಯಲು ಮನಸ್ಸು ಬರಲಿಲ್ಲ.

ಆದರೆ ಬೆಳಗ್ಗೆ ಏಳಕ್ಕೆ ತಾಯಿ ಬಸ್ಸು ಹತ್ತಿದ ಮೇಲೆ ಆ ಮನೆಯಲ್ಲಿ ಬೆರಳು ತಾಗಿಸುವವರು ಯಾರೂ ಇರಲಿಲ್ಲ. ಅಜ್ಜಿ ಬಾತ್‌ರೂಮಿನ ಮೆಟ್ಟಿಲು ಇಳಿಯಲಾರರು. ಬೆರಳು ಬೇಕಾಗಿದ್ದರೆ ಹುಡುಗಿ ಕಲಿತಿಲ್ಲ ಎಂದೇ ಅರ್ಥ. ನಾನು ಕಲಿತಳು ಎಂದು ಹೇಳಿದ್ದೆ.

ಹೆಡ್ ಮೇಡಂ ಎದುರು ಹಾಳೆಗಳನ್ನು ಇಟ್ಟು ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆಪಾ ಇದ್ದಿದ್ರೆ ಈಗ ನಮ್ಮಿಬ್ಬರಿಗೂ ಬೈದು ಎದ್ದು ಹೋಗ್ತಿದ್ರು," ಎಂದರು. ಆಮೇಲೆ, "ಅಳಿಸ್ಬೇಡಿ. ಹೊಡೆದು ಹಾಕಿ ಸಹಿ ಮಾಡಿ. ಹೊಸ ಹಾಳೆ ತಗೊಳ್ಳಿ," ಎಂದರು. ಐದು ದಿನಗಳ 'ಸ್ವ'ಗಳ ಮೇಲೆ ಗೆರೆ ಎಳೆದೆ. ಒಂಬತ್ತು ಸಾಲು, ಐದು ದಿನ. ಹೊಡೆದು ಹಾಕಿದ ಮೇಲೆ ಒಳಗಿನಿಂದ ಆಪಾ ಕೂಗಿದ್ದ ಒಂದೊಂದು 'ಆಯ್ತು' ಕೂಡ ಹೋದಂತಾಯಿತು. ಆದರೂ ಗೆರೆ ನೆಟ್ಟಗೆ ಎಳೆದೆ.

ನನ್ನ ಮನೆಯೂ ಭದ್ರಾವತಿಯಲ್ಲೇ, ಪುಟ್ಟಿಯ ಮನೆ ನನ್ನದಕ್ಕಿಂತ ಎರಡು ಸ್ಟಾಪ್ ಮೊದಲು. ಆ ಭಾನುವಾರ ಹೋದೆ. ಹಳೆಯ ಕಾರ್ಖಾನೆ ಕ್ವಾರ್ಟರ್ಸ್ ಕಡೆಯ ಮನೆ. ಹಿಂದೆ ಸಣ್ಣ ಅಂಗಳ, ಅಂಗಳದ ಆ ತುದಿಯಲ್ಲಿ ಬಾತ್‌ರೂಮು, ಮಧ್ಯೆ ಬಟ್ಟೆ ಒಣಹಾಕುವ ತಂತಿ. ಸೋದರತ್ತೆಯೂ ಬಂದಿದ್ದರು. ಎಲ್ಲರ ಎದುರೇ ಹೇಳಿದೆ: ನಾನು ತಪ್ಪು ಹೇಳಿದ್ದೆ, ಹುಡುಗಿ ಕಲಿತಿರಲಿಲ್ಲ.

ಮೊದಲು ಮಾತನಾಡಿದ್ದು ಸೋದರತ್ತೆ. "ನಾನ್ ಹೇಳ್ಲಿಲ್ವಾ ಅತ್ತಿಗೆ? ನಮ್ಮ ಪುಟ್ಟಿ ಕಲ್ತಿದ್ದು ಹಾಳೆ ಮೇಲೆ. ಬಾತ್‌ರೂಮಲ್ಲಲ್ಲ."

ಆಕೆ ಕೆಟ್ಟವರಲ್ಲ. ತಾಯಿ ಆಪರೇಷನ್ ಆಗಿ ಮಲಗಿದ್ದಾಗ ಮೂರು ತಿಂಗಳು ಹುಡುಗಿಯ ಹಾಸಿಗೆ ಬಟ್ಟೆ ಒಗೆದವರು ಅವರೇ. ಒಗೆದ ಕೈಗೆ ಮಾತನಾಡುವ ಹಕ್ಕಿದೆ ಎಂದು ಸುಮ್ಮನೆ ಕೇಳಿದೆ.

ತಾಯಿಗೆ ಸಿಟ್ಟು ಬಂದದ್ದು ಆಮೇಲೆ. "ನಿಮ್ಮ ಒಂದು ಮಾತಿನ ಮೇಲೆ ನಾನು ಮನೇಲಿ ಎಲ್ಲರ ಹತ್ರ ಜಗಳ ಆಡಿದೀನಿ ಟೀಚರ್. ನೀವು ಓದಿದೋರು, ನೀವೇ ಹಿಂಗಂದ್ರೆ?"

"ತಪ್ಪಾಗಿದೆ," ಎಂದೆ. "ದೀಪಾವಳಿವರೆಗೆ ಕೊಡಿ. ದಸರಾ ರಜೆಯಲ್ಲಿ ದಿನಾ ಇಲ್ಲಿಗೇ ಬರ್ತೀನಿ. ಆಮೇಲೂ ಆಗದಿದ್ರೆ, ಆಗಿಲ್ಲ ಅಂತ ನಾನೇ ಹೇಳ್ತೀನಿ."

"ಆಗತ್ತೆ ಅಂತ ಹೇಳ್ತಿದೀರಾ?"

"ಆಗತ್ತೆ," ಎಂದೆ. ಆ ಮಾತಿನಲ್ಲಿ ನನಗೆ ಅನುಮಾನ ಇರಲಿಲ್ಲ. ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗದ ಕೆಲಸಕ್ಕೆ ಹೆದರಬೇಕು. ಇದು ಗೊತ್ತಾಗಿತ್ತು.

ಅಜ್ಜಿ ಕಟ್ಟೆಯ ಮೇಲಿಂದ, "ಕೊಡೇ ಮಾರಾಯ್ತಿ, ಡಾಕ್ಟ್ರು ಎಲ್ಲಿಗೂ ಓಡಿಹೋಗಲ್ಲ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ಬೆರಳು ತೆಗೆಯುವುದಕ್ಕೂ ಕ್ರಮವಿದೆ. ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬರಬೇಕು. ಮೊದಲು ಹನ್ನೊಂದನೆಯದಕ್ಕೆ ಮಾತ್ರ ಬೆರಳು ಇಲ್ಲ, ಉಳಿದದ್ದಕ್ಕೆ ಇದೆ. ಅದು ಗಟ್ಟಿಯಾದ ಮೇಲೆ ಹತ್ತನೆಯದು, ಆಮೇಲೆ ಒಂಬತ್ತು. ಹಾಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸುವುದು ಮಗುವೇ. ಕೈ ತೊಳೆಯುವುದು ಎರಡೇ ದಿನಕ್ಕೆ ಬಂತು, ಅವಳಿಗೆ ನೀರೆಂದರೆ ಇಷ್ಟ. ಬಟ್ಟೆ ಸರಿ ಮಾಡಿಕೊಳ್ಳುವುದು ಬಂತು. ಒಂಬತ್ತರಲ್ಲಿ ನಿಂತಿತು.

ನಾನು ಬೆರಳು ತಾಗಿಸದೆ ನಿಂತೆ. ಅವಳು ಕಾದಳು. ಆಮೇಲೆ ಎಡಗೈಯಿಂದ ನನ್ನ ಕೈ ಹಿಡಿದು ಎಳೆದು ತನ್ನ ಮೊಣಕೈ ಕೆಳಗೆ ಇಟ್ಟುಕೊಂಡಳು. ಇಟ್ಟುಕೊಂಡು ಬೆರಳುಗಳನ್ನು ಸರಿಪಡಿಸಿದಳು. ನಾನು ಮೂರು ಬೆರಳು ಇಟ್ಟಿದ್ದೆ ಅನ್ನಿಸುತ್ತದೆ, ಒಂದನ್ನು ಮಡಚಿ ಎರಡು ಮಾಡಿದಳು.

ಆ ದಿನ ನಾನು ಕೈ ತೆಗೆಯಲಿಲ್ಲ. ಹಾಳೆಯಲ್ಲಿ 'ಸಹಾ' ಎಂದು ಬರೆದು ಮನೆಗೆ ಹೋದೆ.

ಮರುದಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವಳು ಹಿಂದೆ ಬಂದು ಎಳೆದಳು. ಸೆರಗಿನೊಳಗೆ ಸುತ್ತಿಕೊಂಡೆ, ಸೆರಗು ಬಿಚ್ಚಿದಳು. ಬಿಡದಿದ್ದಾಗ ಕಿರುಚಿದಳು. ಅಜ್ಜಿ ಅಂಗಳದಿಂದ, "ಟೀಚರಮ್ಮ, ಹುಡುಗಿಗೆ ಪಾಠವೋ ನಿಮ್ಮ ಕೈಗೋ? ಹಗ್ಗ ತರ್ಲಾ, ಕಟ್ಟಾಕ್ತೀನಿ!" ಎಂದು ಕೂಗಿದರು. ನನಗೆ ನಗು ಬಂತು. ಆಪಾ ಹೋದ ಮೇಲೆ ಕೆಲಸದಲ್ಲಿ ನಕ್ಕಿದ್ದು ಅದೇ ಮೊದಲು.

ಐದು ದಿನ ಒಂಬತ್ತರಲ್ಲೇ ಕಳೆಯಿತು. ಹಠದಿಂದ ಇದು ಆಗುವುದಿಲ್ಲ ಎಂದು ಗೊತ್ತಾಯಿತು. ಆ ಬೆರಳು ಅವಳಿಗೆ ಒಂದು ಮಾತು ಹೇಳುತ್ತಿತ್ತು: ಇದು ಆಯಿತು, ಮುಂದಿನದು ಮಾಡು. ಆ ಮಾತನ್ನು ಕಿತ್ತುಕೊಂಡು ನಾನು ಬದಲಿಗೆ ಏನನ್ನೂ ಕೊಟ್ಟಿರಲಿಲ್ಲ. ಚಿತ್ರದ ಕಾರ್ಡುಗಳನ್ನು ಗೋಡೆಗೆ ಅಂಟಿಸಿದ್ದೆ, ಅವಳು ಒಂದು ದಿನವೂ ಅವುಗಳ ಕಡೆ ನೋಡಿರಲಿಲ್ಲ.

ಆರನೆಯ ದಿನ ಹೋದಾಗ ದಸರಾಗೆಂದು ಬಂದಿದ್ದ ಸೋದರತ್ತೆ ಅಂಗಳದಲ್ಲಿ ಪುಟ್ಟಿಯನ್ನು ಗದರುತ್ತಿದ್ದರು. ಒಣಹಾಕಿದ ಸೀರೆ ನೆಲಕ್ಕೆ ಬಿದ್ದಿತ್ತು. "ನೋಡಿ ಟೀಚರ್, ದಿನಾ ಇದೇ ಗೋಳು. ತಂತಿ ಮೇಲೆ ಒಂದು ಕ್ಲಿಪ್ ಇರೋಕೆ ಬಿಡಲ್ಲ. ಎಲ್ಲಾ ಕಿತ್ತು ಆ ತುದಿಗೆ ಹಾಕ್ತಾಳೆ. ಆಮೇಲೆ ಈ ತುದಿಗೆ."

ಗದರಬೇಡಿ ಎಂದು ಅವರಿಗೆ ಕೈ ತೋರಿಸಿ ನೋಡುತ್ತ ನಿಂತೆ. ಪುಟ್ಟಿ ಒಂದು ಕ್ಲಿಪ್ ತೆಗೆದಳು, ತಂತಿಯ ಆ ಕಡೆಗೆ ಹೋಗಿ ಹಾಕಿದಳು, ಬಂದಳು, ಮುಂದಿನದನ್ನು ತೆಗೆದಳು. ಯಾರೂ ಹೇಳಲಿಲ್ಲ. ಯಾರ ಬೆರಳೂ ಇರಲಿಲ್ಲ. ಒಂದು ಮುಗಿದರೆ ಮುಂದಿನದು ಎಂಬುದು ಅವಳ ಕೈಯಲ್ಲಿ ಮೊದಲೇ ಇತ್ತು. ಶಾಲೆಯಲ್ಲಿ ತಂತಿ ಟೆರೇಸಿನ ಮೇಲಿದೆ, ಮಕ್ಕಳನ್ನು ಅಲ್ಲಿಗೆ ಬಿಡುವುದಿಲ್ಲ. ಹಾಗಾಗಿ ಏಳು ವರ್ಷ ಅವಳು ನಮ್ಮಲ್ಲಿಗೆ ಬಂದರೂ ನಮಗೆ ಇದು ಗೊತ್ತಿರಲಿಲ್ಲ.

"ನನಗೆ ಹನ್ನೊಂದು ಕ್ಲಿಪ್ ಬೇಕು," ಎಂದೆ.

"ತಗೊಳ್ಳಿ, ಅವಳನ್ನೂ ಸೇರಿಸಿ ತಗೊಂಡ್ಹೋಗಿ," ಎಂದರು ಸೋದರತ್ತೆ.

ಬಾತ್‌ರೂಮಿನ ಗೋಡೆಯಲ್ಲಿ ಎರಡು ಮೊಳೆ ಹೊಡೆದು ಅವಳ ಕೈಗೆ ಎಟುಕುವಂತೆ ದಾರ ಕಟ್ಟಿದೆ. ಎಡಗಡೆ ಹನ್ನೊಂದು ಕ್ಲಿಪ್. ಒಂದು ಹೆಜ್ಜೆ ಮುಗಿದ ತಕ್ಷಣ ಒಂದು ಕ್ಲಿಪ್ ಬಲಕ್ಕೆ. ಮೊದಲ ಎರಡು ದಿನ ಬೆರಳೂ ಇತ್ತು, ಕ್ಲಿಪ್ಪೂ ಇತ್ತು. ಮೂರನೆಯ ದಿನ ಕ್ಲಿಪ್ ಹಾಕಿದ ಮೇಲೆ ಬೆರಳನ್ನು ಒಂದು ಕ್ಷಣ ತಡವಾಗಿ ತಂದೆ. ನಾಲ್ಕನೆಯ ದಿನ ಬೆರಳು ಮುಟ್ಟುವ ಮೊದಲೇ ಅವಳ ಕೈ ಹೊಸ ಪ್ಯಾಡಿನ ಕಡೆ ಹೋಗಿತ್ತು. ಅಂಟಿಸಿದಳು. ನೀಲಿ ಗೆರೆಯೊಳಗೆ ಸರಿಯಾಗಿ ಕೂತಿತ್ತು. ಒಂಬತ್ತನೆಯ ಸಾಲಿನಲ್ಲಿ 'ಸ್ವ' ಬರೆದೆ. ಈ ಸಲ ಕಣ್ಣಿನಿಂದ ನೋಡಿ ಬರೆದದ್ದು.

ಅಲ್ಲಿಂದ ಕೆಲಸ ಬೇಗ ಸಾಗಿತು. ಒಂದು ದಿನ ಬಿಟ್ಟು ಒಂದು ದಿನ ಒಂದೊಂದು ಹೆಜ್ಜೆ ಹಿಂದಕ್ಕೆ ಬಂದೆವು. ಪೇಪರ್ ಸುತ್ತುವುದು ಮಾತ್ರ ಕಷ್ಟವಾಯಿತು. ಪೂರ್ತಿ ಪೇಪರನ್ನು ನಾಲ್ಕು ತುಂಡು ಮಾಡಿ, ಮೊದಲೇ ಒಂದು ಮಡಿಕೆ ಹಾಕಿ ಚೀಲದಲ್ಲಿಟ್ಟ ಮೇಲೆ ಬಂತು. ಆ ಮಡಿಕೆ ಹಾಕಿಡುವ ಕೆಲಸವನ್ನು ಅಜ್ಜಿ ವಹಿಸಿಕೊಂಡರು. "ಕೂತಲ್ಲೇ ಮಾಡೋ ಕೆಲಸ ಇದ್ರೆ ಎಲ್ಲಾ ನನಗೇ ಕೊಡಿ," ಎಂದರು. ದಸರಾ ರಜೆ ಮುಗಿಯುವ ಹೊತ್ತಿಗೆ ನಾನು ಬಾತ್‌ರೂಮಿನ ಬಾಗಿಲ ಹತ್ತಿರ ನಿಂತಿದ್ದೆ, ರಜೆ ಮುಗಿದು ಸಂಜೆ ಹೊತ್ತು ಹೋಗತೊಡಗಿದ ಮೇಲೆ ಅಂಗಳದ ಮಧ್ಯೆ, ಆಮೇಲೆ ಕಟ್ಟೆಯ ಮೇಲೆ ಅಜ್ಜಿಯ ಪಕ್ಕ. ಒಂದೊಂದು ಅಡಿ ಹಿಂದೆ ಸರಿಯುವಾಗಲೂ ಎರಡು ದಿನ ಅಲ್ಲೇ ನಿಂತು ನೋಡಿ ಆಮೇಲೆ ಸರಿದೆ.

ಅವಳು ಕೊನೆಯ ಸಲ ನನ್ನ ಕೈ ಹುಡುಕಿದ್ದು ಮೂರನೆಯ ಹೆಜ್ಜೆಯಲ್ಲಿ. ಹಿಡಿದಳು, ಮೊಣಕೈ ಕಡೆಗೆ ತಂದಳು, ಅರ್ಧದಲ್ಲಿ ಬಿಟ್ಟು ಕ್ಲಿಪ್ ತೆಗೆದುಕೊಂಡಳು. ಆ ದಿನ ನಾನು ಬಸ್ ಸ್ಟಾಪಿನವರೆಗೆ ಹೋಗಿ, ಬಂದ ಬಸ್ಸು ಬಿಟ್ಟು, ಸ್ವಲ್ಪ ಹೊತ್ತು ಕೂತಿದ್ದು ಮನೆಗೆ ಹೋದೆ. ಅತ್ತಿದ್ದೆನೋ ಇಲ್ಲವೋ ನೆನಪಿಲ್ಲ. ಮರುದಿನ ಮತ್ತೆ ಕೆಲಸಕ್ಕೆ ಹೋದೆ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಅವಳಿಗೆ ತಿಂಗಳ ದಿನ ಬಂತು. ಬೆಳಗ್ಗೆ ಆರೂವರೆಗೆ ತಾಯಿ ಫೋನ್ ಮಾಡಿದರು. "ಟೀಚರ್, ಬಂದಿದೆ. ಈಗೊಂದ್ಸಲ ನಾನು ನೋಡ್ಕೊಂಡೆ. ಬಸ್ಸಿಗೆ ಹೊತ್ತಾಯ್ತು. ನೀವು ಬಂದುಬಿಡಿ."

ಬರುತ್ತೇನೆ ಎನ್ನುವ ಮಾತು ಬಾಯಿಗೆ ಬಂದಿತ್ತು. ನಾನು ಹೋದರೆ ಅದು ಮತ್ತೆ ನನ್ನ ಹಾಳೆಯೇ ಆಗುತ್ತಿತ್ತು. ಬೇಕಾಗಿದ್ದದ್ದು ನಾನಿಲ್ಲದ ದಿನ.

"ನಾನು ಬರಲ್ಲ," ಎಂದೆ. "ಅಜ್ಜಿ ಇದಾರೆ. ಹತ್ತು ಗಂಟೆಗೆ ಚೀಲದ ಕಡೆ ಕೈ ತೋರಿಸೋಕೆ ಹೇಳಿ. ಬೇರೆ ಏನೂ ಮಾತಾಡ್ಬಾರ್ದು. ಇವತ್ತು ಶಾಲೆಗೆ ಕಳಿಸ್ಬೇಡಿ."

"ಕೆಟ್ಟೋದ್ರೆ?"

"ಕೆಟ್ಟೋದ್ರೆ ಒಂದು ಬಟ್ಟೆ ಒಗೆಯೋದು. ನೀವು ಬಸ್ಸು ಹತ್ತಿ."

ಶಾಲೆಗೆ ಹೋದೆ. ಹತ್ತು ಗಂಟೆಗೆ ಮಕ್ಕಳಿಗೆ ಮಣಿ ಪೋಣಿಸಲು ಕೊಟ್ಟೆ. ಹತ್ತೂಕಾಲು ಆಯಿತು, ಹತ್ತೂವರೆ ಆಯಿತು. ಫೋನ್ ಬಂದದ್ದು ಹನ್ನೊಂದಕ್ಕೆ ಐದು ನಿಮಿಷ ಇರುವಾಗ. ಅಷ್ಟು ಹೊತ್ತಿಗೆ ಹಬ್ಬಕ್ಕೆಂದು ಬಂದಿಳಿದ ಸೋದರತ್ತೆ ನಂಬರ್ ಒತ್ತಿ ಅಜ್ಜಿಯ ಕೈಗೆ ಕೊಟ್ಟಿರಬೇಕು. ಅಜ್ಜಿ ಫೋನನ್ನು ದೂರ ಹಿಡಿದು ಕೂಗುತ್ತಿದ್ದರು.

"ಹೋದ್ಳು, ಬಂದ್ಳು! ಕೈ ತೊಳ್ಕೊಂಡು ಬಂದ್ಳು. ಸೋಪಿನ ವಾಸ್ನೆ ಬರ್ತಿದೆ, ನಾನೇ ಮೂಸಿದೆ!"

ಹಿಂದಿನಿಂದ ಸೋದರತ್ತೆಯ ದನಿ ಕೇಳಿತು. "ಕೊಡಿಲ್ಲಿ ಅವ್ವ. ಟೀಚರ್, ನಾನು ಒಳಗೆ ಹೋಗಿ ನೋಡಿದೆ. ಎಲ್ಲಾ ಸರಿ ಇದೆ. ಬಕೆಟ್ಟಿನ ಮುಚ್ಚಳಾನೂ ಹಾಕಿದಾಳೆ. ಕ್ಲಿಪ್ ಎಣಿಸಿದೆ, ಬಲಗಡೆ ಹತ್ತೇ ಇತ್ತು. ಎಲ್ಲಿ ತಪ್ಪಿತು ಅಂತ ಹುಡುಕಿದ್ರೆ, ಹನ್ನೊಂದನೇದು ಕೂದಲಿಗೆ ಸಿಗಿಸ್ಕೊಂಡು ಬಂದಿದಾಳೆ ಕಣ್ರೀ."

"ಇರ್ಲಿ ಬಿಡಿ," ಎಂದೆ.

"ಇರ್ಲಿ," ಎಂದರು ಅವರೂ. ಆಮೇಲೆ, "ಆ ಡಾಕ್ಟರ ಹತ್ರ ನಾನೇ ಹೇಳ್ತೀನಿ. ಮಾತಾಡಿದ್ದು ನಾನಲ್ವಾ," ಎಂದರು.

ನಾಲ್ಕು ದಿನ, ದಿನಕ್ಕೆ ಮೂರು ನಾಲ್ಕು ಸಲ. ಎರಡು ಸಲ ತಪ್ಪಿತು. ಒಮ್ಮೆ ಪೇಪರ್ ಮುಗಿದಿತ್ತು, ಇನ್ನೊಮ್ಮೆ ಯಾಕೆಂದು ಗೊತ್ತಾಗಲಿಲ್ಲ. ಉಳಿದದ್ದೆಲ್ಲ ಅವಳೇ ಮಾಡಿಕೊಂಡಳು. ತಾಯಿ ರಜೆ ಹಾಕಲಿಲ್ಲ. ಅದಾದ ಮೇಲೆ ಈಗ ಐದು ತಿಂಗಳು ಕಳೆದಿವೆ.

ಶಾಲೆಯಲ್ಲಿ ನಿಯಮ ಬದಲಾಯಿಸಿದ್ದೇವೆ. ಒಳಗೆ ಈಗಲೂ ಒಬ್ಬರೇ, ಆದರೆ ಒಳಗಿರುವವರ ಹತ್ತಿರ ಒಂದು ಲೋಟ, ಹಿಡಿ ಹುಣಸೆ ಬೀಜ ಇರುತ್ತದೆ. ಮಗುವಿಗೆ ಕೈ ತಾಗಿಸಿದಾಗಲೆಲ್ಲ, ಎಷ್ಟು ಮೆಲ್ಲಗಾದರೂ, ಒಂದು ಬೀಜ ಲೋಟಕ್ಕೆ. ಹೊರಗೆ ಬಂದ ಮೇಲೆ ಬೀಜ ಎಣಿಸಿ ಹಾಳೆ ಬರೆಯುತ್ತೇವೆ. ಓದು ಬರಹ ಬಾರದವರೂ ಈ ದಾಖಲೆ ಇಡಬಹುದು. ಇಷ್ಟು ಸಣ್ಣ ಉಪಾಯ ಆಪಾ ಇದ್ದಾಗ ನನಗೆ ಹೊಳೆದಿದ್ದರೆ ಅವರು ನನಗಿಂತ ಚೆನ್ನಾಗಿ ಬರೆಯುತ್ತಿದ್ದರು. ಚಮಚ ಹಿಡಿಯುವ ಮಗುವಿನ ಫೈಲನ್ನೂ ಮೊದಲಿನಿಂದ ತೆರೆದಿದ್ದೇವೆ. ಅವನಿಗೆ ಇನ್ನೂ ಬೆರಳು ಬೇಕು. ತಟ್ಟೆಯ ಅರ್ಧದವರೆಗೆ ಬೇಕು, ಆಮೇಲೆ ಬೇಡ.

ಆಪಾಳ ಜಾಗಕ್ಕೆ ಬಂದ ಹೊಸ ಆಯಾ ಒಳ್ಳೆಯವಳು, ಕೆಲಸ ಬೇಗ ಕಲಿತಳು. ಪುಟ್ಟಿ ಅವಳ ಜೊತೆಗೂ ಹೋಗುತ್ತಾಳೆ, ಊಟ ಮಾಡುತ್ತಾಳೆ, ಚೀಲ ತೆಗೆದುಕೊಂಡು ಒಬ್ಬಳೇ ಒಳಗೆ ಹೋಗಿ ಬರುತ್ತಾಳೆ. ಹಸಿವಾದರೆ ತಟ್ಟೆ ತಂದು ಕೊಡುವುದನ್ನು, ನೀರು ಬೇಕಾದರೆ ಲೋಟ ತೋರಿಸುವುದನ್ನು, ಬೇಡವಾದರೆ ಕೈ ಅಡ್ಡ ಮಾಡುವುದನ್ನು ಕಲಿಸಿದ್ದೇವೆ. ನೋವಿಗೆ ಏನು ಮಾಡಬೇಕು ಎಂಬುದನ್ನು ಕಲಿಸಲು ಶುರು ಮಾಡಿದ್ದೇವೆ. ಆಪಾ ಇನ್ನು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತೋ ಇಲ್ಲವೋ, ಅದನ್ನು ಅವಳಿಗೆ ಹೇಳುವ ದಾರಿಯೂ ಅವಳಿಂದ ಕೇಳುವ ದಾರಿಯೂ ನನಗೆ ಇನ್ನೂ ಸಿಕ್ಕಿಲ್ಲ.